ತಂಬಿಗೆ ಹಿಡಿದು ಬಂದ ಹುಡುಗಿ

ಶೋಭಾ, ನಿನ್ನ ಮಗಳ ಪಗಾರ ತಪ್ಪಿಸಿದವಳು ನಾನು. ಕಚೇರಿಯವರಲ್ಲ, ಆ ಮಳೆಯಲ್ಲಿ ಬಂದುಹೋದ ಎಳೆ ವಯಸ್ಸಿನ ಅಧಿಕಾರಿಯೂ ಅಲ್ಲ — ನಾನು. ಐದು ವರ್ಷ ನೀನು ಯಾರನ್ನು ಶಪಿಸುತ್ತಿದ್ದೆಯೋ ಅವಳು ನಿನ್ನ ಪಕ್ಕದಲ್ಲೇ, ಅದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

ಇದನ್ನು ಎದುರು ನಿಂತು ಹೇಳಬೇಕಿತ್ತು. ಪಲ್ಲವಿಯನ್ನು ಮಣ್ಣು ಮಾಡಿ ಬಂದ ಮೇಲೆ ಮೂರು ಸಲ ನಿನ್ನ ಕೋಣೆಯ ಬಾಗಿಲಿಗೆ ಬಂದೆ. ಮೂರು ಸಲವೂ ನೀನೇ ತಲೆ ಎತ್ತಿ, "ಊಟಾ ಮಾಡಿದೇನ್ ಯಕ್ಕಾ?" ಎಂದು ಕೇಳಿದೆ. ಹೂಂ ಎಂದು ಹೊರಳಿ ಬಂದೆ. ಅದಕ್ಕೇ ಬರೆಯುತ್ತಿದ್ದೇನೆ. ಹತ್ತನೆಯ ಇಯತ್ತೆ ಮುಗಿಸಿದವಳು ನಾನು. ಮಹಿಳಾ ಸಂಘದ ಠರಾವು ಬರೆದು ಅಷ್ಟಿಷ್ಟು ರೂಢಿಯಿದೆ. ಈ ಕಾಗದವನ್ನು ವಕೀಲರೂ ಓದಬೇಕಾಗುತ್ತದೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಡಬೇಡ.

ನೀನು ನನ್ನ ಮೈದುನ ಈರಣ್ಣನ ಹೆಂಡತಿ. ಜಕ್ಕಲಿಯ ಈ ಮನೆಗೆ ನಾನು ಮೊದಲು ಬಂದವಳು, ನೀನು ಆಮೇಲೆ. ನನಗೆ ಸುಮಾ, ದೀಪಾ ಎಂದು ಇಬ್ಬರು ಹೆಣ್ಣುಮಕ್ಕಳು. ನಿನಗೆ ಪಲ್ಲವಿ ಒಬ್ಬಳೇ. ದೀಪಾಳಿಗೂ ಪಲ್ಲವಿಗೂ ಒಂದು ವರ್ಷವಷ್ಟೇ ಅಂತರ. ಹುಟ್ಟುವಾಗ ಪಲ್ಲವಿಗೆ ಉಸಿರು ಬರಲು ತಡವಾಯಿತು. ಕೈಕಾಲು ಬಿಗಿದುಕೊಂಡವು, ಕುತ್ತಿಗೆ ನಿಲ್ಲಲಿಲ್ಲ, ಮಾತು ಬರಲಿಲ್ಲ. ನಗು ಮಾತ್ರ ಬಂತು. ಅಂಗಳದಲ್ಲಿ ಯಾರಾದರೂ ಚಪ್ಪಲಿ ಬಿಡುವ ಸಪ್ಪಳ ಕೇಳಿದರೆ ಸಾಕು, ಗಂಟಲಿನಿಂದ ಉದ್ದನೆಯ ಒಂದು ಕೂಗು ಹಾಕುತ್ತಿದ್ದಳು. ಅದು ಅವಳ 'ಬರ್ರಿ'. ಮನೆಯವರಿಗೆಲ್ಲ ಗೊತ್ತಿತ್ತು.

ಅವಳಿಗೆ ಎಂಟು ವರ್ಷವಾದಾಗ ಈರಣ್ಣ ಅಂಗವಿಕಲರ ಪಗಾರಕ್ಕೆ, ಅಂದರೆ ಸರ್ಕಾರದ ಮಾಸಾಶನಕ್ಕೆ, ಅರ್ಜಿ ಹಾಕಿದ. ದವಾಖಾನೆಯ ಸರ್ಟಿಫಿಕೇಟು ಇತ್ತು, ಆಧಾರ್ ಇತ್ತು, ಫೋಟೋ ಇತ್ತು. ಊರಿಗೆ ಅಧಿಕಾರಿ ಬಂದು ಮಗುವನ್ನು ಕಣ್ಣಾರೆ ನೋಡಿ, ಪಂಚನಾಮೆ ಬರೆದುಕೊಂಡು ಹೋಗುವುದಷ್ಟೇ ಬಾಕಿ. ಆ ಪಗಾರ ಬಂದರೆ ವಾರಕ್ಕೊಮ್ಮೆ ಪಲ್ಲವಿಯನ್ನು ಗದಗಿಗೆ ಕರೆದೊಯ್ದು ಕೈಕಾಲಿನ ವ್ಯಾಯಾಮ ಮಾಡಿಸಬೇಕೆಂದು ನೀನು ಲೆಕ್ಕ ಹಾಕಿದ್ದೆ. "ಕುತ್ತಿಗಿ ಒಂದ್ ನಿಂತ್ರ ಸಾಕ್ ಯಕ್ಕಾ. ಕೂತು ಉಣ್ಣಂಗ ಆದ್ರ ಗಂಟ್ಲಕ್ಕ ಸಿಗಂಗಿಲ್ಲಂತ ಡಾಕ್ಟರ್ ಹೇಳ್ಯಾರ," ಎಂದು ನೀನು ಹೇಳುತ್ತಿದ್ದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ.

ಆ ವರ್ಷ ಮಲಪ್ರಭೆ ದಂಡೆ ಮೀರಿದಳು. ಹೊಳೆಆಲೂರಿನಲ್ಲಿ ನಿನ್ನ ತವರಿನ ಓಣಿಗೆ ನೀರು ನುಗ್ಗಿದೆ, ಅಪ್ಪ ಅವ್ವನನ್ನು ಸಾಲಿಯ ಕಟ್ಟಡಕ್ಕೆ ಸಾಗಿಸಿದ್ದಾರೆ ಎಂದು ಫೋನ್ ಬಂತು. ಈರಣ್ಣ ಟ್ರ್ಯಾಕ್ಟರ್ ಹೂಡಿದ. ನೀನು ಹೊಸ್ತಿಲ ಮೇಲೆ ನಿಂತು ಪಲ್ಲವಿಯನ್ನು ನನ್ನ ತೋಳಿಗೆ ಕೊಟ್ಟೆ.

"ಯಕ್ಕಾ, ಪಗಾರದ ಸಾಹೇಬ ಇವತ್ತೋ ನಾಳಿಗೋ ಬರ್ತಾನಂತ. ಬಂದ್ರ ಇಕಿನ್ನ ಎತ್ಕೊಂಡು ತೋರ್ಸು. ಕಾಗದ ಎಲ್ಲಾ ಟ್ರಂಕಿನ್ಯಾಗ ಅದಾವು."

"ನೀ ಹೋಗಿ ಬಾ. ನಾ ಅದೀನಲ್ಲ," ಎಂದೆ ನಾನು.

ನಾ ಅದೀನಲ್ಲ — ಹಾಗೆ ಹೇಳಿದ್ದೆ.

ಮಧ್ಯಾಹ್ನ ಗಜೇಂದ್ರಗಡದಿಂದ ಫೋನ್. ಸುಮಾಳನ್ನು ನೋಡಲು ಮುಂದಿನ ವಾರ ಬರಬೇಕಿದ್ದವರು ಕೆಲಸದ ಮೇಲೆ ರೋಣಕ್ಕೆ ಬಂದಿದ್ದಾರೆ, ಹೊರಳಿ ಹೋಗುವಾಗ ನಮ್ಮ ಮನೆಗೆ ಬರುತ್ತಾರೆ. ನಾನು ಮೊದಲು ನೋಡಿದ್ದು ಪಲ್ಲವಿಯ ಕಡೆ. ಯಾಕೆಂದು ನಿನಗೆ ಗೊತ್ತು. ಅದಕ್ಕೆ ಮೊದಲು ಎರಡು ಸಂಬಂಧ ತಪ್ಪಿದ್ದವು. ಎರಡನೆಯ ಸಲ ಹುಡುಗನ ಕಡೆಯ ಹೆಣ್ಣುಮಗಳೊಬ್ಬಳು ಪಲ್ಲವಿಯನ್ನು ನೋಡಿ ಪಡಸಾಲೆಯಲ್ಲೇ ಕೇಳಿದ್ದಳು: "ಇದು ನಿಮ್ಮ ರಕ್ತದಾಗ ಐತೇನ್ ಮತ್ತ?" ಆ ದಿನದಿಂದ ಕನ್ಯಾ ನೋಡಲು ಯಾರಾದರೂ ಬರುವರೆಂದರೆ ನೀನೇ ಪಲ್ಲವಿಯನ್ನು ಹೊತ್ತುಕೊಂಡು ಹಿಂದಿನ ಓಣಿಯಲ್ಲಿ ಯಾರದಾದರೂ ಮನೆಗೆ ಎದ್ದು ಹೋಗುತ್ತಿದ್ದೆ. ಹೋಗು ಎಂದು ನಿನಗೆ ಯಾರೂ ಹೇಳಿರಲಿಲ್ಲ. ಬೇಡ ಎಂದೂ — ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆ ದಿನ ನೀನಿರಲಿಲ್ಲ. ಹೊರಗೆ ಮಳೆ. ಪಲ್ಲವಿಯನ್ನು ಒಯ್ದು ಹಿಂದಿನ ಕಾಳಿನ ಕೋಣೆಯಲ್ಲಿ ಜೋಳದ ಚೀಲಗಳ ನಡುವೆ ಕೌದಿ ಹಾಸಿ ಮಲಗಿಸಿದೆ. ನನ್ನ ಮುಖ ನೋಡಿ ನಕ್ಕಳು. ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದೆ.

ಬಂದವರು ಮೂವರು — ಹುಡುಗ, ಅವನ ತಂದೆ, ತಂದೆಯ ತಮ್ಮ. ಪೇಟೆಯಲ್ಲಿ ಅಂಗಡಿಯಿಟ್ಟ, ನಾಲ್ಕು ಜನ ಮಾತು ಕೇಳುವ ಮನೆತನ. ನಮ್ಮ ಯಜಮಾನರು ಎದುರು ಕೂತಿದ್ದರು. ಸುಮಾ ತಲೆ ಬಗ್ಗಿಸಿ ಉಪ್ಪಿಟ್ಟಿನ ತಾಟು ಇಟ್ಟು ಹೋದಳು.

"ಬೀಗತನಾ ಇನ್ನ ಖಾತ್ರಿ ಇಲ್ಲ, ಉಪ್ಪಿಟ್ಟು ಮಾತ್ರ ಖಾತ್ರಿ ಆತು ನೋಡ್ರಿ," ಎಂದರು ಹುಡುಗನ ತಂದೆ.

"ನಮ್ಮಣ್ಣ ಎಲ್ಲಿ ಹೋದ್ರೂ ಉಪ್ಪಿಟ್ಟು ನೋಡಾಂವ್ರಿ. ಕನ್ಯಾ ನೋಡಾಕ ಅಂತ ನನ್ನ ಕರ್ಕೊಂಡ್ ಬರ್ತಾನ," ಎಂದ ತಮ್ಮ. ಎಲ್ಲರೂ ನಕ್ಕರು. ನನಗೂ ಜೀವ ಹಗುರಾಯಿತು.

ಅಷ್ಟರಲ್ಲೇ ಪಗಾರದ ಅಧಿಕಾರಿ ಬಂದ. ಮೈಯೆಲ್ಲ ತೊಯ್ದಿತ್ತು, ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದ. ನಮ್ಮೂರಿನ ಕೆಲಸಕ್ಕೆ ಹೊಸಬ, ಯಾರ ಪರಿಚಯವೂ ಇಲ್ಲ. ಬಾಗಿಲಲ್ಲಿ ನಿಂತು ಕೇಳಿದ: "ಇದು ಈರಣ್ಣಾರ ಮನಿ ಏನ್ರಿ? ಪಲ್ಲವಿ ಅಂತ ಹುಡುಗಿ... ನಡ್ಯಾಕ ಬರಂಗಿಲ್ಲಂತ ಅರ್ಜಿ ಐತಿ. ಅಕಿನ್ನ ಒಮ್ಮಿ ನೋಡ್ಬೇಕಾಗೇತ್ರಿ."

ಪಡಸಾಲೆಯಲ್ಲಿ ನಗು ನಿಂತಿತು. ಹುಡುಗನ ತಂದೆಯ ಕುತ್ತಿಗೆ ನಮ್ಮ ಕಡೆ ಹೊರಳಿದ್ದು ನನಗೆ ಕಂಡಿತು.

ಅದೇ ಹೊತ್ತಿಗೆ ದೀಪಾ, ಒಂಬತ್ತು ವರ್ಷದವಳು, ಬಂದವರಿಗೆ ನೀರು ಕೊಡಬೇಕೆಂದು ನಾನೇ ಕಲಿಸಿದ ಪ್ರಕಾರ, ತುಂಬಿದ ತಂಬಿಗೆಯನ್ನು ಎರಡೂ ಕೈಯಿಂದ ಹಿಡಿದು, ಒಂದು ಹನಿ ಚೆಲ್ಲದೆ ನಡೆದು ಬಂದಳು.

ನಾನು ಯೋಚಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಯೋಚಿಸಿದೆ. ಒಂದು ಉಸಿರಿನಷ್ಟು ಹೊತ್ತು ಇತ್ತು, ಅಷ್ಟರಲ್ಲಿ ಎಲ್ಲವನ್ನೂ ಯೋಚಿಸಿದೆ. ದೀಪಾಳ ಹೆಗಲ ಮೇಲೆ ಕೈಯಿಟ್ಟು ಹೇಳಿದೆ:

"ಇಕಿನ ನೋಡ್ರಿ ಪಲ್ಲವಿ. ಆಗ ಕಾಲಿಗೆ ಪೆಟ್ಟಾಗಿತ್ತು. ಈಗ ಆರಾಮ ಆಗ್ಯಾಳ."

ಅವನು ತಂಬಿಗೆ ಇಸಿದುಕೊಂಡು ನೀರು ಕುಡಿದ. ಆಮೇಲೆ ಅವಳೆದುರು ಬಗ್ಗಿ ಕೇಳಿದ: "ಹೌದೇನವಾ? ಏನ್ ನಿನ್ನ ಹೆಸರು?"

ದೀಪಾ ನನ್ನ ಮುಖ ನೋಡಿದಳು. ನಾನು ಅವಳ ಹೆಗಲನ್ನು ಒತ್ತಿದೆ.

"ಪಲ್ಲವಿ ರೀ," ಎಂದಳು.

ಅವನ ಮುಖ ಅರಳಿತು, ಶೋಭಾ. ಅದನ್ನು ನೀನು ತಿಳಿಯಬೇಕು. ಅವನು ಕೆಟ್ಟವನಲ್ಲ. "ಚಲೋ ಆತ್ ಬಿಡ್ರಿ. ಇಷ್ಟು ಮನಿ ತಿರಗ್ಯಾಡೀನಿ, ಆರಾಮ ಆತು ಅಂದ ಮನಿ ಇದೊಂದ," ಎಂದ. ಮೊಬೈಲು ಮಳೆಯಲ್ಲಿ ನೆನೆದು ಬಂದ್ ಆಗಿದೆ, ಫೋಟೋ ತೆಗೆಯಲಾಗದು, ಸಾಕ್ಷಿಗೆ ಪಂಚರ ಸಹಿ ಎರಡು ಬೇಕು ಎಂದ. ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಹುಡುಗನ ತಂದೆಯೇ ಕೈ ಚಾಚಿದರು.

"ಪೆನ್ ಕೊಡ್ರಿ ಇತ್ತ. ಒಳ್ಳೆ ಸುದ್ದಿಗೆ ನಮ್ಮ ಸಹಿ ಬೀಳ್ಲಿ. ಈ ಮನ್ಯಾಗ ಮುಂದ ಇನ್ನೂ ಭಾಳ ಸಹಿ ಹಾಕೂದೈತಿ."

ಹಾಗೆ ಸುಮಾಳ ಮದುವೆ ಗೊತ್ತಾಯಿತು. ಅಣ್ಣ ತಮ್ಮ ಇಬ್ಬರೂ, ಹೆಸರು ಓದಲಾಗದ ಗೀಚಿನ ಸಹಿ ಹಾಕಿದರು. ನಮ್ಮ ಯಜಮಾನರು ಒಮ್ಮೆ ಕೆಮ್ಮಿ ನೆಲ ನೋಡಿದರು. ಅವರೀಗ ಇಲ್ಲ, ಅವರ ಮೇಲೆ ಏನನ್ನೂ ಹೊರಿಸಲಾರೆ. ಮಾತು ನನ್ನದು.

ಸಂಜೆ ನೀನು ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಂದೆ. "ಸಾಹೇಬ ಬಂದಿದ್ನೇನ್ ಯಕ್ಕಾ?" ಎಂದೆ. "ಬಂದಿದ್ದ, ಬರ್ಕೊಂಡ್ ಹೋದ," ಎಂದೆ ನಾನು. ಅದೊಂದು ಸುಳ್ಳಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ.

ಅರ್ಜಿ ತಿರಸ್ಕಾರವಾಯಿತು. ಸ್ಥಳ ತನಿಖೆಯಲ್ಲಿ ಮಗು ಆರೋಗ್ಯವಾಗಿ ಓಡಾಡುತ್ತಿರುವುದು ಕಂಡಿದೆ, ಸರ್ಟಿಫಿಕೇಟಿನ ಮೇಲೆಯೇ ಸಂಶಯವಿದೆ ಎಂದು ಬರೆದಿದ್ದರು. ಸುಳ್ಳು ಅರ್ಜಿ ಹಾಕಿದಳಂತೆ ಎಂದು ಊರವರು ನಿನ್ನ ಹಿಂದೆ ಮಾತಾಡಿದರು. ಪಲ್ಲವಿಯನ್ನು ದಿನಾ ನೋಡುತ್ತಿದ್ದ ಜನವೇ, "ಯಾವ ಸರ್ಟಿಫಿಕೇಟ್ ಹಚ್ಚಿದ್ಲೋ ಏನೋ," ಎಂದಿತು. ನೀನು ಗದಗಿನ ಮೇಲಿನ ಸಾಹೇಬರ ತನಕ ಹೋಗಿಬಂದೆ; ಪಂಚನಾಮೆ ಸ್ಪಷ್ಟ ಇದೆ ಎಂದರು. ಗದಗಿನ ವ್ಯಾಯಾಮದ ಮಾತು ಅಲ್ಲಿಗೇ ನಿಂತಿತು.

ನಾನು ಆಗಲಾದರೂ ಬಾಯಿ ಬಿಡಬಹುದಿತ್ತು. ಆದರೆ ಆ ಹೊತ್ತಿಗೆ ಸುಮಾ ಗಜೇಂದ್ರಗಡದ ಮನೆ ಸೇರಿದ್ದಳು. ಪಂಚನಾಮೆ ಸುಳ್ಳೆಂದರೆ ಅದರ ಕೆಳಗಿನ ಸಹಿಯೂ ಸುಳ್ಳು — ಬೀಗರು ಸುಳ್ಳು ಸಾಕ್ಷಿ. ಮದುವೆಯ ಗದ್ದಲದಲ್ಲಿ ಅವರಿಗೆ ಏನೂ ತಿಳಿದಿರಲಿಲ್ಲ. ಮೊದಲ ಪಂಚಮಿಗೆ ಅವರೇ ಸುಮಾಳನ್ನು ಬಿಡಲು ಬಂದಿದ್ದರು. ಚಪ್ಪಲಿ ಬಿಟ್ಟ ಸಪ್ಪಳಕ್ಕೆ ಪಲ್ಲವಿ ಒಳಗಿನಿಂದ ಕೂಗಿದಳು. ನೀನು ಅವಳನ್ನು ಎತ್ತಿಕೊಂಡು ಬಂದು, "ನಮ್ಮ ಪಲ್ಲವಿ ರೀ ಮಾವಾರ," ಎಂದೆ. ಹಿಂದೆಯೇ ದೀಪಾ ತಂಬಿಗೆ ಹಿಡಿದು ಬಂದಳು. ಅವರು ನೀರು ಮುಟ್ಟಲಿಲ್ಲ. ನೀನು ಒಳಗೆ ಹೋದ ಮೇಲೆ ಕೇಳಿದರು: "ತಂಗೀ, ಅವತ್ತ ನಾ ಸಹಿ ಹಾಕಿದ್ದು ಯಾರ ಮ್ಯಾಲ?"

"ನಿಮ್ಮ ಕಾಲಿಗೆ ಬೀಳ್ತೀನ್ರಿ. ನನ್ನ ಮಗಳು ನಿಮ್ಮ ಮನ್ಯಾಗ ಅದಾಳ," ಎಂದೆ.

ಅವರು ಮತ್ತೆ ಆ ಮಾತು ಎತ್ತಲಿಲ್ಲ. ಉಪ್ಪಿಟ್ಟಿನ ಚೇಷ್ಟೆಯನ್ನೂ ಮತ್ತೆಂದೂ ಮಾಡಲಿಲ್ಲ.

ನೀನು ಬಿಡಲಿಲ್ಲ. ರೋಣದ ವಕೀಲರು ದುಡ್ಡು ತಗೊಳ್ಳದೆ ಕಾಗದ ಮಾಡಿಕೊಟ್ಟರು. ಪ್ರಕರಣ ಧಾರವಾಡದ ಹೈಕೋರ್ಟಿಗೆ ಹೋಯಿತು. ವಿಚಾರಣೆಯ ದಿನ ಈರಣ್ಣನಿಗೆ ಬಿತ್ತನೆ. ಜೊತೆಗೆ ಬಾ ಎಂದು ನೀನು ಕರೆದದ್ದು — ನನ್ನನ್ನು. ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದೆ. ನವಲಗುಂದ ದಾಟುವತನಕ ನಾನು ಅಲುಗಾಡಲಿಲ್ಲ.

ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆವು. ನಮ್ಮ ಪಾಳಿ ಬಂದಾಗ ಸರ್ಕಾರದ ಕಡೆಯ ವಕೀಲರು ಪಂಚನಾಮೆ ಓದಿದರು: 'ಸದರಿ ಮಗುವು ಸ್ವತಃ ನೀರಿನ ತಂಬಿಗೆ ಹಿಡಿದುಕೊಂಡು ನಡೆದು ಬಂದು, ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿರುತ್ತಾಳೆ.' ನೀನು ನನ್ನ ಮುಂಗೈ ಹಿಡಿದೆ.

"ಯಕ್ಕಾ, ಇವ್ರು ಯಾರ ಮನಿಗೆ ಹೋಗಿದ್ರಂತ?"

ನನ್ನ ಕಡೆ ನೋಡಿದ ಆ ನಿನ್ನ ಕಣ್ಣಿನಲ್ಲಿ ಸಂಶಯವಿರಲಿಲ್ಲ. ಇದ್ದಿದ್ದರೆ ನಾನು ಬದುಕುತ್ತಿದ್ದೆ. ಅಲ್ಲೇ, ಅಷ್ಟು ಜನರ ಮುಂದೆ ಎದ್ದು ನಿಲ್ಲಬಹುದಿತ್ತು. ಎರಡೇ ಹೆಜ್ಜೆ. "ಯಾರ ಮನಿಗ್ಯೋ ಏನೋ ತಂಗಿ," ಎಂದೆ.

ನ್ಯಾಯಾಧೀಶರು ಕಾಗದ ಹಿಂದೆ ಮುಂದೆ ತಿರುವಿ ನೋಡಿ, ತಾಯಿ ಬಂದಿದ್ದಾರೆಯೇ ಎಂದು ಕೇಳಿದರು. ನೀನು ಎದ್ದು ಕೈಮುಗಿದೆ. ನಿನ್ನ ಮಗು ನೀರು ತಂದು ಕೊಡುತ್ತದೆಯೇ ಎಂದು ಮೆಲ್ಲಗೆ ಕೇಳಿದರು.

"ತರೂದ್ ದೂರ್ ಉಳೀತ್ರಿ ಸಾಹೇಬ್ರ. ಕುಡಿಸಿದ್ ನೀರು ಗಂಟ್ಲದಾಗ ಇಳದ್ರ ಅವತ್ತ ನಮ್ಮನ್ಯಾಗ ಹಬ್ಬ," ಎಂದೆ ನೀನು.

ನ್ಯಾಯಾಧೀಶರು ಪಂಚನಾಮೆಯನ್ನು ಕೆಳಗಿಟ್ಟರು. ತಿರಸ್ಕಾರವನ್ನು ರದ್ದು ಮಾಡಿ, ತಾಯಿ ಮನೆಯಲ್ಲಿರುವಾಗ ಮಗುವನ್ನು ಮತ್ತೆ ನೋಡಬೇಕು, ವೈದ್ಯರೂ ಮತ್ತೆ ನೋಡಬೇಕು, ಮೊದಲ ವರದಿ ಬರೆದವರು ಕಾರಣ ಕೊಡಬೇಕು ಎಂದು ಆದೇಶ ಕೊಟ್ಟರು. ಹೊರಗೆ ಬಂದು ನೀನು ಪೇಢೆ ತಗೊಂಡು ಮೊದಲ ತುಂಡು ನನ್ನ ಬಾಯಿಗೆ ಹಾಕಿದೆ. ನಾನು ನುಂಗಿದೆ.

ಎರಡನೆಯ ತನಿಖೆಗೆ ದಿನ ಗೊತ್ತಾಗಿತ್ತು. ಅದಕ್ಕೆ ಮೊದಲೇ ಚಳಿಗಾಲದ ನೆಗಡಿ ಪಲ್ಲವಿಯ ಎದೆಗಿಳಿಯಿತು. ಹದಿಮೂರು ವರ್ಷದವಳು, ಮಡಿಲಲ್ಲಿ ಐದು ವರ್ಷದವಳ ಭಾರ. ಗಂಜಿ ಗಂಟಲಿಗೆ ಸಿಕ್ಕು ಶ್ವಾಸಕ್ಕೆ ಹೋಗಿದೆ ಎಂದರು ಡಾಕ್ಟರು. ಕೂತು ಉಣ್ಣುವಂತಾಗಿದ್ದರೆ, ವ್ಯಾಯಾಮ ಮಾಡಿಸಿದ್ದರೆ — ಗೊತ್ತಿಲ್ಲ, ಆಗುತ್ತಿತ್ತೋ ಇಲ್ಲವೋ. ಅದು ಯಾರಿಗೂ ಗೊತ್ತಾಗದಂತೆ ಮಾಡಿದವಳು ನಾನು.

ದೀಪಾಳ ಬಗ್ಗೆ ಒಂದು ಮಾತು. ಆ ಮಳೆಯ ದಿನದ ನಂತರ ಬಂದವರಿಗೆ ನೀರು ಕೊಡು ಎಂದರೆ ಅವಳು ಅಳುತ್ತಿದ್ದಳು. ನಾನು ಬೈದು ಕೊಡಿಸುತ್ತಿದ್ದೆ. ಪಲ್ಲವಿಗೆ ಉಣಿಸುವ ಕೆಲಸವನ್ನು ಮಾತ್ರ ತಾನಾಗಿ ಹಿಡಿದಳು. ಸಾಲಿಗೆ ಹೋಗುವ ಮೊದಲು, ಬಂದ ಮೇಲೆ, ಚಮಚದಿಂದ, ಸಾವಕಾಶ. "ಇಂಥಾ ಹುಡುಗಿನ್ನ ದೇವ್ರು ಯಾರಿಗೂ ಕೊಟ್ಟಿಲ್ಲ ನೋಡ್," ಎಂದು ನೀನು ಅವಳ ತಲೆ ಸವರುತ್ತಿದ್ದೆ. ಅವಳು ತಲೆ ತಗ್ಗಿಸುತ್ತಿದ್ದಳು. ಅದು ನಾಚಿಕೆ ಎಂದು ನೀನು ತಿಳಿದೆ.

ಮಣ್ಣಾದ ಮೂರನೆಯ ದಿನ ಸಾವಿನ ನೋಂದಣಿಗೆಂದು ಪಂಚಾಯಿತಿಯಿಂದ ಒಬ್ಬರು ಬಂದರು. ಕಟ್ಟೆಯ ಮೇಲೆ ಕೂತು ಪುಸ್ತಕ ತೆರೆದು, ತೀರಿಕೊಂಡವರ ಹೆಸರೇನು ಎಂದರು. ಈರಣ್ಣ ಗೋಡೆಗೆ ಮುಖ ಮಾಡಿದ. ದೀಪಾ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು ಅವರ ಮುಂದಿಟ್ಟಳು.

"ಪಲ್ಲವಿ ರೀ," ಎಂದಳು.

ಆಮೇಲೆ ನನ್ನ ಕಡೆ ತಿರುಗಿದಳು. ಹದಿನಾಲ್ಕು ವರ್ಷದ ಹುಡುಗಿ. ಎಲ್ಲರೂ ಇದ್ದರು, ಆದರೆ ನನಗೆ ಮಾತ್ರ ತಿಳಿಯುವಂತೆ ಹೇಳಿದಳು: "ಈ ಸಲ ಖರೇ ಹೇಳಿದ್ನೆವ್ವಾ."

ಮರುವಾರ ವಕೀಲರು ನಿನಗೆ ಹೇಳಿದರಲ್ಲ — ಮಗು ಇಲ್ಲದಿದ್ದರೂ ತಾಯಿ ಪ್ರಕರಣ ಮುಂದುವರಿಸಬಹುದು, ಆದರೆ ಮೊದಲ ದಿನ ಏನಾಯಿತೆಂದು ಹೇಳುವವರು ಬೇಕು ಎಂದು. ನೀನು, "ಪಗಾರ ತಗೊಂಡ್ ಏನ್ ಮಾಡ್ಲಿರಿ, ಕೂಸ ಹೋತು. ಅಕಿ ನಡೀತಿದ್ಲು ಅಂತ ಬರದದ್ದೊಂದು ಅಳಸ್ರಿ. ನನ್ ಮಗಳು ಒಂದ ದಿನಾನೂ ನಡೀಲಿಲ್ರಿ," ಎಂದೆ. ನಾನು ಬಾಗಿಲ ಮರೆಯಲ್ಲಿದ್ದೆ.

ನಿನ್ನೆ ಗಜೇಂದ್ರಗಡಕ್ಕೆ ಫೋನ್ ಮಾಡಿ, ನಡೆದದ್ದನ್ನು ವಕೀಲರಿಗೆ ಬರೆದುಕೊಡುತ್ತೇನೆಂದು ಬೀಗರಿಗೆ ತಿಳಿಸಿದೆ. ಕೇಳಿ ಫೋನ್ ಇಟ್ಟರು. ತಾಸಿನ ಮೇಲೆ ಸುಮಾ ಫೋನ್ ಮಾಡಿ, "ಯವ್ವಾ, ನಂದೇನಾಕ್ಕೇತಿ ಅಂತ ಒಂದೀಟರ ನೋಡಿದ್ಯಾ?" ಎಂದು ಅತ್ತಳು. ಅವಳನ್ನು ನೋಡಿಕೊಂಡೇ ಇಷ್ಟೆಲ್ಲ ಆದದ್ದು.

ಇನ್ನೊಂದು ಉಳಿದಿದೆ. ಅದು ಕೋರ್ಟಿಗೆ ಬೇಕಿಲ್ಲ. ಈ ಹಾಳೆಯನ್ನು ವಕೀಲರಿಗೆ ಕೊಡುವುದಿಲ್ಲ. ನಿನಗೆ ಮಾತ್ರ.

ಆ ದಿನ, ಆ ಅಧಿಕಾರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ, ಕಾಳಿನ ಕೋಣೆಯಿಂದ ಪಲ್ಲವಿ ಕೂಗಿದಳು. ಕತ್ತಲಲ್ಲಿ, ಚೀಲಗಳ ನಡುವೆ ಮಲಗಿಕೊಂಡೇ ಅವನಿಗೆ 'ಬರ್ರಿ' ಎಂದಳು. ತನ್ನನ್ನು ನೋಡಲೆಂದೇ ಬಂದವನಿಗೆ. ಹುಡುಗನ ತಂದೆ, "ಅದೇನ್ರಿ ಸಪ್ಪಳಾ?" ಎಂದರು.

"ಹಿತ್ತಲದಾಗ ಆಕಳ ಕರ ಒದರಾಕ್ಹತ್ತೇತ್ರಿ," ಎಂದೆ ನಾನು.

ಅವರು ಹೋದ ಮೇಲೆ ಚಿಲಕ ತೆಗೆದೆ. ಕೂಗಿ ಕೂಗಿ ಗಂಟಲು ಒಣಗಿತ್ತು. ನನ್ನನ್ನು ಕಂಡು ಮತ್ತೆ ನಕ್ಕಳು. ಅವಳಿಗೆ ಕೋಪ ಮಾಡಿಕೊಳ್ಳಲು ಬರುತ್ತಿರಲಿಲ್ಲ. ನಿನಗೆ ಬರುತ್ತದೆ, ಶೋಭಾ. ಮಾಡಿಕೋ. ಈ ಮನೆಯಲ್ಲಿ ಒಲೆ ಬೇರೆ ಮಾಡುತ್ತೇನೆ ಎಂದರೆ ಮಾಡು. ಕ್ಷಮಿಸು ಎಂದು ಬರೆಯಲು ಕೂತಿಲ್ಲ.

ನಾಳೆ ಮುಂಜಾನೆಯ ಬಸ್ಸಿಗೆ ರೋಣಕ್ಕೆ ಹೋಗುತ್ತೇನೆ. ಪ್ರಮಾಣ ಮಾಡಿ ಬರೆಸುತ್ತೇನೆ: ತಂಬಿಗೆ ಹಿಡಿದು ಬಂದ ಹುಡುಗಿ ಪಲ್ಲವಿಯಲ್ಲ, ಹೆಸರು ಹೇಳಿಸಿದವಳು ನಾನು, ಪಲ್ಲವಿ ಒಂದು ದಿನವೂ ನಡೆಯಲಿಲ್ಲ. ಆ ಅಧಿಕಾರಿಯ ತಪ್ಪಲ್ಲವೆಂದೂ ಬರೆಸುತ್ತೇನೆ. ಆಮೇಲೆ ನನ್ನ ಮೇಲೆ ಏನು ಕ್ರಮವಾಗುತ್ತದೋ ಆಗಲಿ.

ದೀಪಾ ತಾನೂ ಬರುತ್ತೇನೆ ಎಂದಳು. ಬೇಡ ಎಂದೆ. ಆ ದಿನ ಅವಳನ್ನು ಮುಂದೆ ನಿಲ್ಲಿಸಿ ನಾನು ಹಿಂದೆ ನಿಂತಿದ್ದೆ. ನಾಳೆ ಕೇಳುವವರ ಮುಂದೆ ಒಬ್ಬಳೇ ನಿಲ್ಲುತ್ತೇನೆ, ನನ್ನ ಹೆಸರನ್ನು ನಾನೇ ಹೇಳುತ್ತೇನೆ.